ಮುಳುಗಡೆಯ ನೆನಪು ಹೊಲಿದವರ ಜೊತೆ

ಶರಾವತಿ ಹಿನ್ನೀರಿನ ಊರುಗಳಲ್ಲಿ ಮುಳುಗಡೆಯ ಕಥೆ ಕೇಳಲು ಹೋದವರಿಗೆ ಮೊದಲು ಸಿಗುವುದು ಗಂಡಸರ ಕಥೆ. ಯಾವ ಸರ್ವೆ ನಂಬರಿನ ಗದ್ದೆ ಹೋಯಿತು, ಪರಿಹಾರ ಎಷ್ಟು ಬಂತು, ಬದಲಿ ಜಮೀನಿನ ಹಕ್ಕುಪತ್ರ ಎಲ್ಲಿ ನಿಂತಿತು ಎಂಬುದೆಲ್ಲ ಅವರಿಗೆ ಬಾಯಿಪಾಠ, ಏಕೆಂದರೆ ಖಾತೆ ಇದ್ದದ್ದು ಅವರ ಹೆಸರಿನಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡು, ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೆಯೇ ನೀರಿನಡಿ ಸೇರಿಹೋದಾಗ, ಹೆಂಗಸರು ಕಳೆದುಕೊಂಡದ್ದನ್ನು ಬರೆದುಕೊಳ್ಳಲು ಕಡತದಲ್ಲಿ ಕಾಲಮ್ಮೇ ಇರಲಿಲ್ಲ. ಸಾಗರ ತಾಲ್ಲೂಕಿನ ಕೆಲವು ಹಿರಿಯ ಮಹಿಳೆಯರೊಂದಿಗೆ ನಾನು ಕುಳಿತದ್ದು ಅದನ್ನು ದಾಖಲಿಸುವುದಕ್ಕಾಗಿ.

“ನಿಮ್ಮ ಕಷ್ಟ ಹೇಳಿ” ಎಂದು ನಾನು ಯಾರನ್ನೂ ಕೇಳುವುದಿಲ್ಲ. ಹಾಗೆ ಕೇಳಿದರೆ “ಎಲ್ಲಾ ಹಣೆಬರಹ ಕಣಮ್ಮ” ಎಂಬಲ್ಲಿಗೆ ಮಾತು ಮುಗಿಯುತ್ತದೆ. ಬಾವಿ ಎಲ್ಲಿತ್ತು, ಹಿತ್ತಲಲ್ಲಿ ಏನು ಬೆಳೆಯುತ್ತಿದ್ದಿರಿ, ತವರಿಗೆ ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ ಎಂದು ಕೇಳುತ್ತೇನೆ. ಅದೂ ಒಬ್ಬೊಬ್ಬರನ್ನೇ ಅಲ್ಲ, ಜಗಲಿಯಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿಕೊಂಡು. ಒಬ್ಬರು ಬಾವಿ ಕೊಟ್ಟಿಗೆಯ ಬದಿಗಿತ್ತು ಎಂದರೆ ಇನ್ನೊಬ್ಬರು ತಿದ್ದುತ್ತಾರೆ, ಆ ಜಗಳದಲ್ಲಿಯೇ ಊರು ಮತ್ತೆ ನಿಲ್ಲುತ್ತದೆ. ಆಗ ಹೊಸದಾಗಿ ಮದುವೆಯಾಗಿ ಬಂದಿದ್ದು ಈಗ ಎಂಬತ್ತು ದಾಟಿರುವ ಅಜ್ಜಿಯೊಬ್ಬರು ಹೇಳಿದರು: “ಬೆಳಿಗ್ಗೆ ತಿಂಡಿ ತಿಂದು ಹೊರಟ್ರೆ ಮಧ್ಯಾಹ್ನದೊಳಗೆ ತವರಿಗೆ ಹೋಗಿ ಬರ್ತಿದ್ದೆ. ನೀರು ನಿಂತ ಮೇಲೆ ಅವ್ವನ ಬೊಜ್ಜಕ್ಕೂ (ಉತ್ತರಕ್ರಿಯೆಗೂ) ಹೋಗಕ್ಕಾಗ್ಲಿಲ್ಲ.” ಇದಕ್ಕೆ ಪರಿಹಾರದ ದರ ಯಾರೂ ನಿಗದಿ ಮಾಡಿಲ್ಲ.

ಹೇಳಿದ್ದನ್ನು ಬಟ್ಟೆಯ ಮೇಲೆ ಹೊಲಿಯುವ ದಾರಿ ತೋರಿಸಿದವರು ದೂರದವರು. 1973ರ ಸೇನಾ ದಂಗೆಯ ನಂತರ ಚಿಲಿಯ ಮಹಿಳೆಯರು, ಕಾಣೆಯಾದ ತಮ್ಮವರ ಕಥೆಯನ್ನು ಚಿಂದಿ ಬಟ್ಟೆಗಳಿಂದ ‘ಆರ್ಪಿಯೇರಾ’ ಎಂಬ ಚಿತ್ರಗಳಾಗಿ ಹೊಲಿದು ಗುಟ್ಟಾಗಿ ಹೊರದೇಶಗಳಿಗೆ ಕಳುಹಿಸಿದರು. ಮುಂದೆ ಬ್ರೆಜಿಲ್‌ನ ಅಣೆಕಟ್ಟೆ ಸಂತ್ರಸ್ತರ ಚಳವಳಿಯ ಮಹಿಳೆಯರು ಅದೇ ವಿಧಾನವನ್ನು ತಮ್ಮದಾಗಿಸಿಕೊಂಡರು. ಬಟ್ಟೆಯ ಬೆನ್ನಿಗೆ ಒಂದು ಪುಟ್ಟ ಜೇಬು, ಅದರೊಳಗೆ ಹೊಲಿದವಳ ಕಾಗದ. ಮೊಬೈಲಿನಲ್ಲಿ ಆ ಚಿತ್ರಗಳನ್ನು ತೋರಿಸಿದಾಗ ನಮ್ಮವರಿಗೆ ಹಿಡಿಸಿದ್ದು ಆ ಜೇಬು. ಬರೆಯಲು ಬಾರದವರ ಕಾಗದವನ್ನು ಮೊಮ್ಮಕ್ಕಳು ಬರೆದುಕೊಟ್ಟರು; ಅಜ್ಜಿಯ ಬಾಯಿಂದ ಈ ಕಥೆಯನ್ನು ಆ ಹುಡುಗಿಯರು ಕೇಳಿದ್ದೂ ಅದೇ ಮೊದಲು. ಇಲ್ಲಿಯ ದೀವರ ಸಮುದಾಯದವರ ಗೋಡೆಚಿತ್ರವಾದ ಹಸೆ ಚಿತ್ತಾರದಲ್ಲಿಯೇ ಮಾಡಿಸಿದರೆ ಮಾರಾಟವೂ ಆದೀತು ಎಂದು ಪೇಟೆಯ ಹಿತೈಷಿಗಳು ಸೂಚಿಸಿದ್ದರು. ಮದುವೆಯ ಗೋಡೆಗೆ ಬರೆಯುವುದರಲ್ಲಿ ಮುಳುಗಡೆ ಬರೆಯುವುದಿಲ್ಲ ಎಂದು ದೀವರ ಹೆಂಗಸರು ಒಪ್ಪಲಿಲ್ಲ, ಅವರ ಮಾತೇ ಸರಿ ಎನಿಸಿತು. ಹಳೆಯ ಸೀರೆಯ ತುಂಡುಗಳೇ ಸಾಕಾದವು.

ಗಡಿ ದಾಟುವ ಕಥೆಯ ಬಗ್ಗೆ ನನ್ನ ತಿಳಿವಳಿಕೆಯನ್ನು ಬದಲಿಸಿದ್ದು ಒಂದು ಬಟ್ಟೆ. ಪರಿಹಾರದ ಹಣವನ್ನೆಲ್ಲ ಗಂಡ ಕುಡಿದು ಮುಗಿಸಿದ್ದನ್ನು, ಕೇಳಿದ್ದಕ್ಕೆ ಹೊಡೆದದ್ದನ್ನು ಹೊಲಿದ ಮಹಿಳೆ, “ಇದು ಬ್ರೆಜಿಲ್‌ಗೆ ಹೋಗ್ಲಿ, ಸಾಗರದಾಗೆ ಮಾತ್ರ ತೋರಿಸ್ಬ್ಯಾಡಿ” ಎಂದರು. ಕಥೆ ಊರಿನಿಂದ ಆರಂಭವಾಗಿ ಹಂತಹಂತವಾಗಿ ಹೊರಗೆ ಹರಡಬೇಕು ಎಂದು ನಂಬಿದ್ದ ನನಗೆ, ಹತ್ತಿರದವರ ಕಿವಿಗಿಂತ ಅಪರಿಚಿತ ಹೆಂಗಸಿನ ಕಿವಿಯೇ ಕೆಲವೊಮ್ಮೆ ಸುರಕ್ಷಿತ ಎಂಬುದು ಅಂದು ತಿಳಿಯಿತು. ಚಿಲಿಯ ಬಟ್ಟೆಗಳು ಹೊರದೇಶದಲ್ಲಿ ಬಿಚ್ಚಿಕೊಂಡದ್ದೂ ತಮ್ಮ ದೇಶದಲ್ಲಿ ಅವನ್ನು ತೋರಿಸುವಂತಿರಲಿಲ್ಲ ಎಂಬ ಕಾರಣಕ್ಕೇ ಅಲ್ಲವೇ? ಅಂದಿನಿಂದ ಪ್ರತಿಯೊಂದು ಬಟ್ಟೆಗೂ ಅದು ಎಲ್ಲೆಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು ಎಂದು ಹೊಲಿದವರಿಂದಲೇ ಕೇಳಿ ಬರೆದಿಡುತ್ತೇವೆ. ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯುವ ಹಕ್ಕೂ ಅವರದೇ. ಬ್ರೆಜಿಲ್‌ನ ಮಹಿಳೆಯರಿಗೆ ಕಳುಹಿಸುವ ಬಟ್ಟೆಗಳ ಜೇಬಿನ ಕಾಗದಗಳನ್ನು, ಅಲ್ಲಿಯ ಭಾಷೆಯಾದ ಪೋರ್ಚುಗೀಸ್ ಬಲ್ಲ ಪರಿಚಿತರೊಬ್ಬರು ಅನುವಾದಿಸಿಕೊಟ್ಟರು.

ಅಣೆಕಟ್ಟೆಗಳ ವಿರುದ್ಧದ ಅಂತರರಾಷ್ಟ್ರೀಯ ಹೋರಾಟ ದಿನವಾದ ಮಾರ್ಚ್ 14ರಂದು — 1997ರಲ್ಲಿ ಬ್ರೆಜಿಲ್‌ನ ಕುರಿಚೀಬಾದಲ್ಲಿ ಸೇರಿದ್ದ ಸಂತ್ರಸ್ತರು ಗೊತ್ತುಮಾಡಿದ ದಿನವಿದು — ಇಲ್ಲಿ ತೋರಿಸಬಹುದೆಂದು ಹೊಲಿದವರು ಒಪ್ಪಿದ ಬಟ್ಟೆಗಳನ್ನು ಜಗಲಿಯಲ್ಲಿ ತೂಗುಹಾಕಿದೆವು. ಅಣೆಕಟ್ಟೆ ಸಂತ್ರಸ್ತರ ಹಕ್ಕುಗಳಿಗಾಗಿಯೇ ಬ್ರೆಜಿಲ್ 2023ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಕಾನೂನು ಮಾಡಿದೆ ಎಂದು ಹೇಳಿದಾಗ, ಚಿತ್ರ ನೋಡುತ್ತಿದ್ದವರು ತಿರುಗಿ ಕುಳಿತು, ಅಲ್ಲಿ ಹಕ್ಕುಪತ್ರ ಯಾರ ಹೆಸರಿಗೆ ಬರುತ್ತದೆ ಎಂದು ಕೇಳಿದರು. ಆ ಪ್ರಶ್ನೆಯನ್ನು ಬ್ರೆಜಿಲ್‌ನ ಮಹಿಳೆಯರಿಗೆ ಕಳುಹಿಸುವ ಮುಂದಿನ ಕಾಗದದಲ್ಲಿ ಬರೆದಿದ್ದೇವೆ. ಜೊತೆಗೆ, ಬಾಕಿ ಉಳಿದಿರುವ ಹಕ್ಕುಪತ್ರಗಳಲ್ಲಿ ಹೆಂಡತಿ, ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಬೇಕೆಂಬ ಅರ್ಜಿಯೊಂದನ್ನು ಇಲ್ಲಿಯ ಕಚೇರಿಗೆ ಕೊಡಲು ಸಿದ್ಧಪಡಿಸುತ್ತಿದ್ದೇವೆ.