ಮೈಯೊಳಗೆ ಕೂರುವ ಕನೆಕ್ಟರ್: ಸೀಲ್ ಮೇಲೆ ಕೆಲಸ ಮಾಡಿದ ನನ್ನ ಅನುಭವ

ಪೇಸ್‌ಮೇಕರ್ ಇರಲಿ, ನರಕ್ಕೆ ಕರೆಂಟ್ ಕೊಡುವ ಸ್ಟಿಮ್ಯುಲೇಟರ್ ಇರಲಿ, ಅದರ ಟೈಟಾನಿಯಂ ಡಬ್ಬಿಯನ್ನು ಲೇಸರ್‌ನಿಂದ ಬೆಸೆದು ಮುಚ್ಚಿರುತ್ತಾರೆ. ಒಳಗಿನ ಸರ್ಕ್ಯೂಟ್‌ಗೆ ತೇವ ಹೋಗಬಾರದೆಂದು ಹೀಲಿಯಂ ಬಳಸಿ ಸೋರಿಕೆ ಪರೀಕ್ಷೆಯನ್ನೂ ಮಾಡಿರುತ್ತಾರೆ. ಆದರೆ ಅದೇ ಡಬ್ಬಿಯ ತಲೆಯ ಮೇಲೆ ಹೆಡರ್ ಎಂಬ ಪ್ಲಾಸ್ಟಿಕ್ ಭಾಗ ಇದೆ, ಹೆಡರ್ ಒಳಗೆ ಕನೆಕ್ಟರ್ ಇದೆ. ಅದನ್ನು ಬೆಸೆಯುವಂತಿಲ್ಲ. ಆಪರೇಷನ್ ನಡೆಯುವಾಗ ಡಾಕ್ಟರ್ ಲೀಡನ್ನು, ಅಂದರೆ ಹೃದಯಕ್ಕೋ ನರಕ್ಕೋ ಕರೆಂಟ್ ಒಯ್ಯುವ ತಂತಿಯನ್ನು, ಅದರೊಳಗೆ ತಳ್ಳಬೇಕು. ಗ್ಲೌಸ್ ಮೇಲೆ ರಕ್ತ ಇದ್ದೇ ಇರುತ್ತದೆ. ವರ್ಷಗಳ ನಂತರ ಬ್ಯಾಟರಿ ಮುಗಿದಾಗ ಇನ್ನೊಬ್ಬರು ಅದೇ ಲೀಡನ್ನು ಹೊರಗೆ ಎಳೆದು ಹೊಸ ಸಾಧನಕ್ಕೆ ಸೇರಿಸಬೇಕು. ನಡುವಿನ ಅಷ್ಟೂ ಕಾಲ ಅದು 37 ಡಿಗ್ರಿಯ ಉಪ್ಪುನೀರಿನಲ್ಲಿ ಕೂತಿರುತ್ತದೆ. ನಾನು ಕೆಲಸ ಮಾಡಿದ್ದು ಈ ಭಾಗದ ಮೇಲೆ. ನರ ಸ್ಟಿಮ್ಯುಲೇಟರ್‌ಗೆ ಬೇಕಾದ, ಸಾಲಾಗಿ ಎಂಟು ಕಾಂಟ್ಯಾಕ್ಟ್ ಇರುವ ಕನೆಕ್ಟರ್ ನಮ್ಮದು.

ಕನೆಕ್ಟರ್ ಅಂದ ಕೂಡಲೇ ಎಲ್ಲರೂ ನೋಡುವುದು ಲೋಹಕ್ಕೆ ಲೋಹ ತಾಗುವ ಜಾಗವನ್ನು. ಅದು ಮುಖ್ಯವೇ, ಆದರೆ ಅಲ್ಲಿ ದಾರಿ ಈಗಾಗಲೇ ಸಿಕ್ಕಿದೆ. ಓರೆಯಾಗಿ ಸುತ್ತಿದ ಪುಟ್ಟ ಸ್ಪ್ರಿಂಗನ್ನು ದುಂಡಗೆ ಬಗ್ಗಿಸಿ, ಲೋಹದ ಉಂಗುರದ ಒಳಗಿನ ಗ್ರೂವ್‌ನಲ್ಲಿ ಕೂರಿಸುತ್ತಾರೆ. ಲೀಡ್ ಒಳಗೆ ಹೋದಾಗ ಸ್ಪ್ರಿಂಗ್‌ನ ಪ್ರತಿ ಸುತ್ತೂ ಅದನ್ನು ಬೇರೆಬೇರೆಯಾಗಿ ಒತ್ತುತ್ತದೆ. ಒಂದು ಸುತ್ತು ಸರಿಯಾಗಿ ತಾಗದಿದ್ದರೂ ಉಳಿದವು ತಾಗಿರುತ್ತವೆ. ಸ್ಪ್ರಿಂಗ್‌ಗೆ ಪ್ಲಾಟಿನಂ-ಇರಿಡಿಯಂ ಹಾಕಿದೆವು. ಉಂಗುರಕ್ಕೆ ಎಂಪಿ35ಎನ್, ಅಂದರೆ ಕೋಬಾಲ್ಟ್, ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಸೇರಿದ ಮಿಶ್ರಲೋಹ. ಮಾಮೂಲಿ ಎಲೆಕ್ಟ್ರಾನಿಕ್ಸ್‌ನಲ್ಲಿ ಯೋಚನೆಯೇ ಮಾಡದೆ ಬಳಸುವ ತಾಮ್ರ, ತವರ, ಬೆಳ್ಳಿ ಇಲ್ಲಿ ಬೇಡವೇ ಬೇಡ. ಅವು ಉಪ್ಪುನೀರಿನಲ್ಲಿ ಕರಗಿ ಮೈಗೆ ಸೇರುತ್ತವೆ. ಚಿನ್ನದ ಲೇಪವೂ ಆಗದು. ಸ್ಪ್ರಿಂಗ್ ತಿಕ್ಕಿ ಲೇಪ ಸವೆದರೆ ಅಡಿಯ ಲೋಹ ಹೊರಬರುತ್ತದೆ, ಎರಡು ಲೋಹ ಒಂದೇ ನೀರಿನಲ್ಲಿ ಮುಳುಗಿದರೆ ತುಕ್ಕಿಗೆ ಅಷ್ಟೇ ಸಾಕು. ಇನ್ನು ಕಾಂಟ್ಯಾಕ್ಟ್‌ನ ರೆಸಿಸ್ಟನ್ಸ್ ಒಂದೆರಡು ಓಮ್ ಆಚೀಚೆ ಆದರೆ ಏನೂ ತೊಂದರೆಯಿಲ್ಲ, ಏಕೆಂದರೆ ಎಲೆಕ್ಟ್ರೋಡ್ (ಲೀಡ್‌ನ ಇನ್ನೊಂದು ತುದಿಯಲ್ಲಿ ನರಕ್ಕೆ ಕರೆಂಟ್ ಕೊಡುವ ಲೋಹ) ಮತ್ತು ಅಂಗಾಂಶ ಸೇರಿ ಸುಮಾರು ಒಂದು ಕಿಲೋಓಮ್ ಇರುತ್ತದೆ. ಕಾಂಟ್ಯಾಕ್ಟ್‌ನ ರೆಸಿಸ್ಟನ್ಸ್ ಮೈ ಅಲುಗಿದಾಗಲೆಲ್ಲ ಏರಿಳಿಯಬಾರದು, ಅಷ್ಟೇ.

ನಿಜವಾದ ಕಷ್ಟ ಇರುವುದು ಒಂದು ಕಾಂಟ್ಯಾಕ್ಟ್‌ಗೂ ಪಕ್ಕದ ಕಾಂಟ್ಯಾಕ್ಟ್‌ಗೂ ನಡುವೆ. ಅಲ್ಲಿ ಸಿಲಿಕೋನ್ ಸೀಲ್ ಇರುತ್ತದೆ. ಆ ಸೀಲ್ ನೀರನ್ನು ಪೂರ್ತಿ ತಡೆಯುತ್ತದೆ ಎಂದು ನಂಬಿಕೊಂಡು ಡಿಸೈನ್ ಮಾಡಬಾರದು. ಲೀಡ್ ಒಳಗೆ ಹೋಗುವಾಗಲೇ ಅದರ ಮೈಮೇಲೆ ರಕ್ತ, ಸಲೈನ್ ಅಂಟಿಕೊಂಡು ಬಂದಿರುತ್ತದೆ. ಅಷ್ಟೇ ಅಲ್ಲ, ನೀರಿನ ಆವಿ ಸಿಲಿಕೋನ್ ಮೂಲಕವೇ ಹಾದುಹೋಗುತ್ತದೆ. ಹಾಗಾಗಿ ನಾನು ಪ್ರತಿ ಕಾಂಟ್ಯಾಕ್ಟ್‌ನ ಸುತ್ತ ಉಪ್ಪುನೀರು ತುಂಬಿದೆ ಎಂದುಕೊಂಡೇ ಲೆಕ್ಕ ಶುರು ಮಾಡುತ್ತೇನೆ. ಪಕ್ಕಪಕ್ಕದ ಎರಡು ಕಾಂಟ್ಯಾಕ್ಟ್‌ಗಳ ಪುಟ್ಟ ಕೋಣೆಗಳಲ್ಲೂ ನೀರಿದೆ, ನಡುವೆ ಸೀಲ್ ಇದೆ, ಸೀಲ್‌ಗೂ ಲೀಡ್‌ಗೂ ನಡುವೆ ತೆಳುವಾದ ನೀರಿನ ಪದರ ಇದೆ. ಆ ಪದರದ ರೆಸಿಸ್ಟನ್ಸ್ ಎಷ್ಟು?

ಲೆಕ್ಕ ಸುಲಭ. ಮೈ ಶಾಖದಲ್ಲಿ ಸಲೈನ್‌ನ ರೆಸಿಸ್ಟಿವಿಟಿ ಸುಮಾರು 50 ಓಮ್-ಸೆಂಟಿಮೀಟರ್. ನಮ್ಮ ಲೀಡ್‌ನ ವ್ಯಾಸ 1.3 ಮಿಲಿಮೀಟರ್, ಅಂದರೆ ಸುತ್ತಳತೆ ಸುಮಾರು 4 ಮಿಲಿಮೀಟರ್. ಸೀಲ್ ಲೀಡನ್ನು ಅಪ್ಪಿ ಹಿಡಿಯುವ ಅಗಲ ಅರ್ಧ ಮಿಲಿಮೀಟರ್ ಎನ್ನಿ. ನೀರಿನ ಪದರ ಸುತ್ತಲೂ 1 ಮೈಕ್ರಾನ್ ದಪ್ಪ ಇದ್ದರೆ ರೆಸಿಸ್ಟನ್ಸ್ ಸುಮಾರು 62 ಕಿಲೋಓಮ್ ಬರುತ್ತದೆ. ಒಂದು ಕಿಲೋಓಮ್‌ನ ಅಂಗಾಂಶದ ಪಕ್ಕ ಇದನ್ನು ಇಟ್ಟರೆ ಸೋರಿಹೋಗುವ ಕರೆಂಟ್ ಶೇಕಡಾ ಎರಡಕ್ಕಿಂತ ಕಮ್ಮಿ. ಪರವಾಗಿಲ್ಲ. ಅದೇ ಪದರ 10 ಮೈಕ್ರಾನ್ ಆದರೆ? 6 ಕಿಲೋಓಮ್. ಆಗ ಒಂದು ಎಲೆಕ್ಟ್ರೋಡ್‌ಗೆ ಕೊಟ್ಟ ಕರೆಂಟ್‌ನಲ್ಲಿ ಸುಮಾರು ಏಳನೇ ಒಂದು ಪಾಲು ಪಕ್ಕದ ಎಲೆಕ್ಟ್ರೋಡ್‌ಗೆ ಹೋಗುತ್ತದೆ. ರೋಗಿಗೆ ಬೇಡದ ಜಾಗದಲ್ಲಿ ಜುಮ್ಮೆನ್ನುತ್ತದೆ, ಬೇಕಾದ ಜಾಗದಲ್ಲಿ ನೋವು ಕಮ್ಮಿಯಾಗುವುದಿಲ್ಲ.

ಪೇಸ್‌ಮೇಕರ್‌ಗಳ ಐಎಸ್-1 ಕನೆಕ್ಟರ್‌ಗೆ ಇರುವ ಐಎಸ್‌ಒ 5841-3 ಮಾನದಂಡದಲ್ಲಿ ಸೀಲ್‌ಗೆ ಕನಿಷ್ಠ 50 ಕಿಲೋಓಮ್ ಎಂಬ ಮಿತಿ ಇದೆ. ಮೇಲಿನ ಲೆಕ್ಕ ಹಾಕಿ ನೋಡಿದ ಮೇಲೆ ಆ ಅಂಕಿಯ ಬಗ್ಗೆ ನನಗೆ ಗೌರವ ಜಾಸ್ತಿಯಾಯಿತು. ಸುಮ್ನೆ ಬರೆದ ಸಂಖ್ಯೆ ಅಲ್ಲ ಅದು.

ಈ ಲೆಕ್ಕ ಇನ್ನೊಂದು ವಿಷಯ ಹೇಳಿಕೊಡುತ್ತದೆ. ಸೀಲ್ ಕೆಳಗೆ 60 ಮೈಕ್ರಾನ್ ದಪ್ಪದ ಒಂದು ಕೂದಲೋ ಬಟ್ಟೆಯ ಎಳೆಯೋ ಅಡ್ಡ ಬಿದ್ದರೆ ಸಿಲಿಕೋನ್ ಅದರ ಎರಡೂ ಪಕ್ಕ ಸ್ವಲ್ಪ ಎದ್ದು ನಿಲ್ಲುತ್ತದೆ. ಆ ಸಂದಿ ತುಂಬಿದ ನೀರೊಂದೇ ಸಾಕು, ಸುತ್ತಲೂ 1 ಮೈಕ್ರಾನ್ ಪದರ ಇದ್ದಷ್ಟು ಸೋರಿಕೆ ಆಗಲು. ಅದಕ್ಕೇ ನಮ್ಮ ಅಸೆಂಬ್ಲಿ ಕೋಣೆಯಲ್ಲಿ ಎಳೆ ಬಿಡುವ ಯಾವ ಬಟ್ಟೆಗೂ ಜಾಗ ಇರಲಿಲ್ಲ. ಲೀಡ್ ತುದಿಯನ್ನು ಮೈಕ್ರೋಸ್ಕೋಪ್ ಅಡಿ ತಿರುಗಿಸಿ ನೋಡದೆ ಮುಂದಕ್ಕೆ ಬಿಡುತ್ತಿರಲಿಲ್ಲ.

ಲೀಡ್ ತುದಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಅಲ್ಲಿ ಲೋಹದ ಉಂಗುರ, ಪಾಲಿಯುರೆಥೇನ್ ತುಂಡು, ಮತ್ತೆ ಉಂಗುರ, ಹೀಗೆ ಸಾಲು ಇರುತ್ತದೆ. ಅವು ಸೇರುವ ಕಡೆ ಸಣ್ಣ ಮೆಟ್ಟಿಲು ಉಳಿಯುತ್ತದೆ. ಆ ಮೆಟ್ಟಿಲನ್ನು ಹೋಗಲಾಡಿಸಲು ತುದಿಯನ್ನು ಸೆಂಟರ್‌ಲೆಸ್ ಗ್ರೈಂಡಿಂಗ್ ಮಾಡುತ್ತೇವೆ. ಗ್ರೈಂಡಿಂಗ್ ಗೀರುಗಳು ಸುತ್ತಲೂ ಹೋದರೆ ಚಿಂತೆ ಕಮ್ಮಿ, ಅವು ಒಂದು ಕೋಣೆಯಿಂದ ಇನ್ನೊಂದಕ್ಕೆ ದಾರಿ ಮಾಡಿಕೊಡುವುದಿಲ್ಲ. ಉದ್ದಕ್ಕೆ ಬಿದ್ದ ಗೀರು ಮಾತ್ರ ನೇರ ಕಾಲುವೆ. ಲೀಡನ್ನು ಟ್ರೇಯಿಂದ ಎತ್ತುವಾಗ ಚಿಮುಟದ ಹಲ್ಲು ಜಾರಿದರೂ ಉದ್ದದ ಗೀರೇ ಬೀಳುವುದು. ಆದ್ದರಿಂದ ಲೀಡ್ ತುದಿ ಹಿಡಿಯುವ ಚಿಮುಟಗಳ ಬಾಯಿಗೆ ಮೆತ್ತನೆಯ ಹೊದಿಕೆ ಹಾಕಿಸಿದೆವು. ಇನ್ನೊಂದು ಎಚ್ಚರ: ಸೀಲ್ ಕೂರಬೇಕಾದ್ದು ಪಾಲಿಯುರೆಥೇನ್ ತುಂಡಿನ ನಟ್ಟನಡುವೆ. ಎಂಟು ಕಾಂಟ್ಯಾಕ್ಟ್‌ನ ಸಾಲಿನಲ್ಲಿ ಪ್ರತಿ ತುಂಡಿನ ಉದ್ದ ಚೂರುಚೂರು ವ್ಯತ್ಯಾಸವಾದರೂ ಕೊನೆಯ ಕಾಂಟ್ಯಾಕ್ಟ್ ಹೊತ್ತಿಗೆ ಎಲ್ಲ ಸೇರಿ ದೊಡ್ಡದಾಗುತ್ತದೆ. ಹಾಗಾಗಿ ಒಂದೊಂದು ತುಂಡನ್ನು ಅಳೆದು ಸುಮ್ಮನಾಗಲಿಲ್ಲ, ಲೀಡನ್ನು ಬಿಗಿದು ಹಿಡಿಯುವ ಸೆಟ್ ಸ್ಕ್ರೂ ಇರುವ ತುದಿಯಿಂದ ಪ್ರತಿ ಉಂಗುರಕ್ಕೂ ಇರುವ ದೂರವನ್ನು ಡ್ರಾಯಿಂಗ್‌ನಲ್ಲಿ ಕಟ್ಟಿಹಾಕಿದೆವು.

ಸೀಲ್ ಎಲ್ಲಿರಬೇಕು ಎನ್ನುವುದೂ ದೊಡ್ಡ ತೀರ್ಮಾನ. 1992ರಲ್ಲಿ ಬಂದ ಐಎಸ್-1ನಲ್ಲಿ ಸೀಲ್‌ಗಳು ಲೀಡ್ ಮೇಲೆಯೇ ಇರುತ್ತವೆ. ಅದಕ್ಕೆ ಮುಂಚೆ 5 ಮಿಲಿಮೀಟರ್, 6 ಮಿಲಿಮೀಟರ್, 3.2 ಮಿಲಿಮೀಟರ್ ಎಂದು ಒಬ್ಬೊಬ್ಬ ತಯಾರಕರದ್ದು ಒಂದೊಂದು ಅಳತೆ ಇತ್ತು. ಒಬ್ಬರ ಲೀಡ್ ಇನ್ನೊಬ್ಬರ ಡಬ್ಬಿಗೆ ಕೂರುತ್ತಿರಲಿಲ್ಲ, ಅಡಾಪ್ಟರ್ ಹುಡುಕಬೇಕಿತ್ತು. ಆ ಗೋಜಲನ್ನು ಬಿಡಿಸಿದ್ದು ಐಎಸ್-1ನ ದೊಡ್ಡ ಉಪಕಾರ. ಆಮೇಲೆ 2010ರ ಐಎಸ್‌ಒ 27186ರಲ್ಲಿ ನಾಲ್ಕು ಕಾಂಟ್ಯಾಕ್ಟ್‌ನ ಡಿಎಫ್4 ಮತ್ತು ಐಎಸ್4 ಕನೆಕ್ಟರ್‌ಗಳು ಬಂದಾಗ ಸೀಲ್‌ಗಳನ್ನು ಹೆಡರ್ ಒಳಗೆ ಇಟ್ಟರು. ಇದು ಸಣ್ಣ ಬದಲಾವಣೆ ಅಲ್ಲ. ಲೀಡ್ ಮೈಯೊಳಗೆ ದಶಕಗಟ್ಟಲೆ ಉಳಿಯುತ್ತದೆ, ಡಬ್ಬಿ ಮಾತ್ರ ಬದಲಾಗುತ್ತದೆ. ಸೀಲ್ ಹೆಡರ್‌ನಲ್ಲಿದ್ದರೆ ಡಬ್ಬಿ ಬದಲಾದಾಗಲೆಲ್ಲ ಹೊಸ ಸೀಲ್ ಸಿಗುತ್ತದೆ. ನರ ಸ್ಟಿಮ್ಯುಲೇಟರ್‌ಗಳಲ್ಲಿ ಎಲ್ಲರೂ ಒಪ್ಪಿದ ಒಂದೇ ಅಳತೆ ನಾನು ಕೆಲಸ ಶುರು ಮಾಡಿದಾಗ ಇರಲಿಲ್ಲ, ಆದರೆ ಸೀಲ್ ವಿಷಯದಲ್ಲಿ ನಾವು ಡಿಎಫ್4 ದಾರಿಯನ್ನೇ ಹಿಡಿದೆವು. ಇವತ್ತಿಗೂ ಅದೇ ಸರಿ ಎನ್ನುತ್ತೇನೆ.

ಸೀಲ್ ಎಷ್ಟು ಬಿಗಿ ಇರಬೇಕು? ಬಿಗಿಯಾದಷ್ಟೂ ನೀರಿನ ಪದರ ತೆಳುವಾಗುತ್ತದೆ, ಲೀಡ್ ತಳ್ಳುವುದು ಅಷ್ಟೇ ಕಷ್ಟವಾಗುತ್ತದೆ. ಎಂಟು ಸ್ಪ್ರಿಂಗ್, ಅದಕ್ಕೂ ಜಾಸ್ತಿ ಸೀಲ್, ಎಲ್ಲದರ ತಡೆ ಕೂಡುತ್ತಾ ಹೋಗುತ್ತದೆ. 1.3 ಮಿಲಿಮೀಟರ್‌ನ ಮೆತ್ತನೆಯ ಲೀಡ್ ಜಾಸ್ತಿ ಒತ್ತಿದರೆ ಹೆಡರ್ ಬಾಯಲ್ಲೇ ಬಳುಕಿ ಬಾಗುತ್ತದೆ. ಒಂದೇ ದಪ್ಪ ಸೀಲ್ ಬದಲು ಎರಡು ತೆಳು ತುಟಿಗಳಿರುವ ಸೀಲ್ ನಮಗೆ ಚೆನ್ನಾಗಿ ಒಗ್ಗಿತು. ಎರಡು ತುಟಿ ಅಂದರೆ ಎರಡು ರೆಸಿಸ್ಟರ್ ಸರಣಿಯಲ್ಲಿ ಇದ್ದಂತೆಯೇ ಲೆಕ್ಕ, ಒಂದರ ಕೆಳಗೆ ಕಸ ಸಿಕ್ಕಿದರೂ ಇನ್ನೊಂದು ಕಾಯುತ್ತದೆ.

ಇದರ ಜೊತೆಗೆ ಗಾಳಿಯ ಕಾಟ. ಹೆಡರ್‌ನ ತೂತಿಗೆ ಒಂದೇ ಬಾಯಿ. ಸೀಲ್‌ಗಳು ಚೆನ್ನಾಗಿದ್ದಷ್ಟೂ ಲೀಡ್ ಒಳಗೆ ಹೋಗುವಾಗ ಮುಂದಿನ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ, ಸೈಕಲ್ ಪಂಪಿನ ಬಾಯಿ ಬೆರಳಲ್ಲಿ ಮುಚ್ಚಿ ಒತ್ತಿದ ಹಾಗೆ. ಕೈ ಬಿಟ್ಟರೆ ಲೀಡ್ ಸ್ವಲ್ಪ ಹಿಂದಕ್ಕೆ ಬರುತ್ತದೆ. ಅದೇ ಸ್ಥಿತಿಯಲ್ಲಿ ಸ್ಕ್ರೂ ಬಿಗಿದರೆ ಉಂಗುರ ಮತ್ತು ಸ್ಪ್ರಿಂಗ್ ಒಂದಕ್ಕೊಂದು ಎದುರಾಗುವುದಿಲ್ಲ. ಪೇಸ್‌ಮೇಕರ್‌ಗಳಲ್ಲಿ ಇನ್ನೊಂದು ತೊಂದರೆಯೂ ಇದೆ. ಸಿಕ್ಕಿಬಿದ್ದ ಗಾಳಿ ಆಮೇಲೆ ಸೆಪ್ಟಮ್ ಮೂಲಕ ಗುಳ್ಳೆಗುಳ್ಳೆಯಾಗಿ ಹೊರಬರುವಾಗ ಸಾಧನ ಅದನ್ನು ಹೃದಯದ ಮಿಡಿತ ಎಂದುಕೊಳ್ಳಬಹುದು. ಸೆಪ್ಟಮ್ ಅಂದರೆ ಸ್ಕ್ರೂ ಮೇಲೆ ಇರುವ ಸೀಳಿದ ಸಿಲಿಕೋನ್ ಮುಚ್ಚಳ. ಪರಿಹಾರ ಸರಳ: ಲೀಡ್ ತಳ್ಳುವ ಮೊದಲೇ ಟಾರ್ಕ್ ವ್ರೆಂಚನ್ನು ಸೆಪ್ಟಮ್ ಒಳಗೆ ತೂರಿಸಿಡಬೇಕು. ಅದರ ಪಕ್ಕದಿಂದ ಗಾಳಿ ಹೊರಹೋಗುತ್ತದೆ. ಈ ಮಾತು ಬಳಕೆಯ ಸೂಚನೆಯಲ್ಲಿ ಮೊದಲ ಸಾಲಿನಲ್ಲೇ ಇರಬೇಕೆಂದು ನಾನು ಹಟ ಹಿಡಿದೆ. ನಾಲ್ಕನೇ ಪುಟದಲ್ಲಿದ್ದರೆ ಆಪರೇಷನ್ ಹೊತ್ತಲ್ಲಿ ಯಾರು ಓದುತ್ತಾರೆ, ಅಲ್ವಾ?

ವ್ರೆಂಚ್ ಕಟ್‌ಕಟ್ ಎಂದು ಜಾರಿದರೆ ಬಿಗಿ ಸಾಕು ಎಂದರ್ಥ. ಸ್ಕ್ರೂ ಒತ್ತುವ ಜಾಗದಲ್ಲಿ ಲೀಡ್ ಮೇಲೆ ಕೊಳವೆಯಂಥ ಲೋಹದ ಹೊದಿಕೆ ಇರಲೇಬೇಕು. ಪ್ಲಾಸ್ಟಿಕ್ ಮೇಲೆ ಸ್ಕ್ರೂ ಕೂತರೆ ಪ್ಲಾಸ್ಟಿಕ್ ಒತ್ತಡಕ್ಕೆ ನಿಧಾನಕ್ಕೆ ಸರಿದು ಜಾಗ ಬಿಡುತ್ತದೆ, ಸ್ಕ್ರೂ ತಾನೇ ಸಡಿಲವಾಗುತ್ತದೆ. ಬಿಗಿದ ಮೇಲೆ ಲೀಡನ್ನು ಮೆಲ್ಲಗೆ ಎಳೆದು ನೋಡಬೇಕು.

ಪರೀಕ್ಷೆಯ ಬಗ್ಗೆ. ಒಣ ಲೀಡನ್ನು ಒಣ ಹೆಡರ್‌ಗೆ ಹಾಕಿ ಆಮೇಲೆ ಸಲೈನ್‌ನಲ್ಲಿ ಮುಳುಗಿಸಿದರೆ ಫಲಿತಾಂಶ ಚೆಂದವಾಗಿ ಬರುತ್ತದೆ, ನಂಬುವಂತಿರುವುದಿಲ್ಲ. ನಾವು ಮೊದಲೇ ಹೆಡರ್ ತೂತಿಗೆ ಸಲೈನ್ ತುಂಬಿ, ಲೀಡನ್ನೂ ಅದ್ದಿ, ಆಮೇಲೆ ಸೇರಿಸುತ್ತಿದ್ದೆವು. ಲೀಟರ್‌ಗೆ 9 ಗ್ರಾಂ ಉಪ್ಪು, 37 ಡಿಗ್ರಿ. ಮೊದಮೊದಲು ಅಂಕಿ ಕೆಳಗಿರುತ್ತದೆ. ಸಿಲಿಕೋನ್ ನಿಧಾನವಾಗಿ ನೀರನ್ನು ಹಿಂಡಿ ಹೊರಹಾಕುತ್ತಿದ್ದ ಹಾಗೆ ಏರುತ್ತದೆ. ಏರದೆ ಅಲ್ಲೇ ನಿಂತ ಜೋಡಿಯನ್ನು ಬಿಚ್ಚಿ ನೋಡಿದರೆ ಎಳೆಯೋ, ಉದ್ದದ ಗೀರೋ, ಮೋಲ್ಡ್ ಜೋಡಣೆಯಲ್ಲಿ ಉಳಿದ ಸಿಲಿಕೋನ್ ಅಂಚೋ ಸಿಗುತ್ತಿತ್ತು. ಅಳೆಯುವಾಗ ಡಿಸಿ ಮೀಟರ್ ಹಿಡಿಯಬೇಡಿ. ಡಿಸಿ ಹರಿಸಿದರೆ ಲೋಹದ ಮೇಲೆ ರಾಸಾಯನಿಕ ಕ್ರಿಯೆ ಶುರುವಾಗಿ ಅಂಕಿ ಓಡುತ್ತಾ ಹೋಗುತ್ತದೆ, ಕಾಂಟ್ಯಾಕ್ಟೂ ಹಾಳಾಗುತ್ತದೆ. 1 ಕಿಲೋಹರ್ಟ್ಜ್ ಸುತ್ತಮುತ್ತ ಸಣ್ಣ ಎಸಿ ಸಾಕು.

ಹೆಡರ್‌ನ ಒಳಮೈ ತೊಳೆಯುವುದು ಎಲ್ಲರಿಗೂ ಬೇಸರದ ಕೆಲಸ, ಆದರೂ ನಾನು ಬಿಡುವುದಿಲ್ಲ. ಬೆರಳಚ್ಚಿನ ಉಪ್ಪು ಎಪಾಕ್ಸಿ ಅಥವಾ ಸಿಲಿಕೋನ್ ಅಡಿ ಸಿಕ್ಕಿಬಿದ್ದರೆ, ಹಾದುಬಂದ ನೀರಾವಿಯನ್ನು ಅದು ಎಳೆದುಕೊಳ್ಳುತ್ತದೆ. ಅಲ್ಲೇ ಉಪ್ಪುನೀರಿನ ಹನಿ ಕಟ್ಟುತ್ತದೆ, ಹನಿ ದೊಡ್ಡದಾಗುತ್ತಾ ಅಂಟನ್ನು ಎಬ್ಬಿಸುತ್ತದೆ. ಉಪ್ಪಿಲ್ಲದ, ಚೆನ್ನಾಗಿ ಅಂಟಿದ ಜಾಗದಲ್ಲಿ ಆವಿ ಬಂದರೂ ಹನಿಯಾಗಲು ಜಾಗವಿರುವುದಿಲ್ಲ.

ಕೊನೆಗೆ ಲೀಡ್ ಹೊರತೆಗೆಯುವ ದಿನ. ಸಿಲಿಕೋನ್ ಮತ್ತು ಪಾಲಿಯುರೆಥೇನ್ ವರ್ಷಗಟ್ಟಲೆ ಒತ್ತಿಕೊಂಡಿದ್ದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಅದಕ್ಕೆ ಸೇರಿಸುವ ಬಲವನ್ನು ಮಾತ್ರ ಅಳೆದರೆ ಸಾಲದು. ಬಿಸಿ ಸಲೈನ್‌ನಲ್ಲಿ ತಿಂಗಳುಗಟ್ಟಲೆ ಇಟ್ಟ ಜೋಡಿಗಳನ್ನು ಎಳೆದು ಆ ಬಲವನ್ನೂ ಅಳೆಯುತ್ತಿದ್ದೆವು. ತೆಗೆಯುವವರಿಗೆ ಸೂಚನೆ ಹೀಗೆ: ಸೆಪ್ಟಮ್ ಮೇಲೆ ಬೆಳೆದ ಅಂಗಾಂಶ ಬಿಡಿಸಿ, ವ್ರೆಂಚ್ ಪೂರ್ತಿ ಒಳಗೆ ಕೂತಿದೆಯೇ ನೋಡಿ. ಸ್ಕ್ರೂವನ್ನು ಲೀಡ್ ಬಿಡುವಷ್ಟು ಮಾತ್ರ ಸಡಿಲಿಸಿ, ಪೂರ್ತಿ ತಿರುಗಿಸಿದರೆ ಅದು ಥ್ರೆಡ್‌ನಿಂದ ಹೊರಬಂದು ಸೆಪ್ಟಮ್ ಒಳಗೆ ಸಿಕ್ಕಿಕೊಳ್ಳುತ್ತದೆ. ಲೀಡನ್ನು ಹೆಡರ್ ಬಾಯಿ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ, ಪಕ್ಕಕ್ಕೆ ಬಗ್ಗಿಸಬೇಡಿ. ಹೊರಬಂದ ತುದಿಯನ್ನು ಎಳೆ ಬಿಡದ ಬಟ್ಟೆಯಲ್ಲಿ ಒರೆಸಿ, ಗೀರು ಇದೆಯೇ ನೋಡಿ, ಆಮೇಲೆ ಹೊಸ ಹೆಡರ್‌ಗೆ ಹಾಕಿ.