ಮನೆಯಲ್ಲೇ ಸಿಂಫನಿ: ಕಂಪ್ಯೂಟರ್ ಕೊಳ್ಳುವಾಗ ದುಡ್ಡು ಎಲ್ಲಿ ಹಾಕಬೇಕು?

ಕಿರುಚಿತ್ರಕ್ಕೋ ಧಾರಾವಾಹಿಗೋ ಹಿನ್ನೆಲೆ ಸಂಗೀತ ಮಾಡುವವರು ಇವತ್ತು ವಯಲಿನ್, ಚೆಲ್ಲೊ, ಹಾರ್ನ್, ಟಿಂಪನಿ ಎಲ್ಲವನ್ನೂ ಒಂದು ಕೀಬೋರ್ಡಿನ ಮೇಲೆ ನುಡಿಸುತ್ತಾರೆ. ಅದಕ್ಕೊಂದು ಒಳ್ಳೆಯ ಕಂಪ್ಯೂಟರ್ ಬೇಕು. ‘ಮ್ಯೂಸಿಕ್ ಮಾಡೋಕೆ, ಸ್ವಲ್ಪ ಪವರ್‌ಫುಲ್ ಇರಲಿ’ ಅಂತ ಅಂಗಡಿಯಲ್ಲಿ ಕೇಳಿ ನೋಡಿ, ಬಣ್ಣದ ದೀಪ ಮಿನುಗುವ ಗೇಮಿಂಗ್ ಪಿಸಿಯನ್ನು ತೋರಿಸುತ್ತಾರೆ. ಅದರ ಬೆಲೆಯಲ್ಲಿ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿನದು. ವಯಲಿನ್ ದನಿ ಹೊರಡಿಸಲು ಆ ಕಾರ್ಡಿನಿಂದ ಏನೂ ಆಗಬೇಕಾಗಿಲ್ಲ.

ಹಾಗಾದರೆ ಏನು ಬೇಕು? ಮೊದಲು ಒಳಗೆ ನಡೆಯುವ ಕೆಲಸ ನೋಡೋಣ.

ಆರ್ಕೆಸ್ಟ್ರಾ ಲೈಬ್ರರಿ ಅಂದರೆ ನಿಜವಾದ ವಾದಕರು ನುಡಿಸಿದ ಒಂದೊಂದೇ ಸ್ವರದ ರೆಕಾರ್ಡಿಂಗ್‌ಗಳ ರಾಶಿ. ಮೆಲ್ಲಗೆ, ಜೋರಾಗಿ, ಕಮಾನು ಎಳೆದು, ಬೆರಳಲ್ಲಿ ಮೀಟಿ, ಹೀಗೆ ಎಲ್ಲ ಬಗೆಯಲ್ಲೂ ಒಂದೊಂದು ಸ್ವರ. ಸ್ಪಿಟ್‌ಫೈರ್ ಆಡಿಯೊ ಕಂಪನಿ 2019ರಲ್ಲಿ ತಂದ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಲೈಬ್ರರಿಯನ್ನೇ ತೆಗೆದುಕೊಳ್ಳಿ. ಲಂಡನ್ನಿನ ಮೈಡಾ ವೇಲ್ ಸ್ಟುಡಿಯೊದಲ್ಲಿ ಧ್ವನಿಮುದ್ರಣ ಆದದ್ದು. ಅದರ ಚಿಕ್ಕ ಆವೃತ್ತಿ ಡಿಸ್ಕವರ್ ಕೇವಲ 200 ಎಂಬಿಯಷ್ಟು. ದೊಡ್ಡದು ಪ್ರೊಫೆಷನಲ್, ಸುಮಾರು 600 ಜಿಬಿ!

ಅಷ್ಟನ್ನೂ ರ‍್ಯಾಮಿಗೆ ತುಂಬಲು ಆಗುವುದಿಲ್ಲ. ಅದಕ್ಕೇ ಸಾಫ್ಟ್‌ವೇರ್ ಒಂದು ಉಪಾಯ ಮಾಡುತ್ತದೆ. ಪ್ರತಿ ಸ್ವರದ ಆರಂಭದ ತುಣುಕನ್ನು ಮಾತ್ರ ರ‍್ಯಾಮಿನಲ್ಲಿ ಇಟ್ಟುಕೊಂಡಿರುತ್ತದೆ. ನೀವು ಕೀಲಿ ಒತ್ತಿದ ಕೂಡಲೇ ಆ ತುಣುಕು ನುಡಿಯುತ್ತದೆ. ಅದು ಮುಗಿಯುವಷ್ಟರಲ್ಲಿ ಉಳಿದದ್ದು ಡಿಸ್ಕಿನಿಂದ ಬಂದು ಸೇರಿಕೊಳ್ಳಬೇಕು. ಬರದಿದ್ದರೆ ಸ್ವರ ಅಲ್ಲೇ ಕಡಿದುಹೋಗುತ್ತದೆ.

ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. 48 ಕಿಲೊಹರ್ಟ್ಸ್, 24 ಬಿಟ್ ಸ್ಟೀರಿಯೊ ಧ್ವನಿಗೆ ಸೆಕೆಂಡಿಗೆ 288 ಕೆಬಿ ಬೇಕು. ಹಲವು ಲೈಬ್ರರಿಗಳನ್ನು ನುಡಿಸಲು ಬಳಸುವ ಕಾಂಟ್ಯಾಕ್ಟ್ ಸಾಫ್ಟ್‌ವೇರ್ ಮಾಮೂಲಿಯಾಗಿ ಒಂದು ಸ್ವರಕ್ಕೆ 60 ಕೆಬಿ ಮೊದಲೇ ಇಟ್ಟುಕೊಳ್ಳುತ್ತದೆ. ಅಂದರೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಧ್ವನಿ. ಒಂದು ವಯಲಿನ್ ಗುಂಪಿನಲ್ಲಿ 8000 ಸ್ಯಾಂಪಲ್ (ಅಂದರೆ ಒಂದೊಂದು ಸ್ವರದ ರೆಕಾರ್ಡಿಂಗ್) ಇದ್ದರೆ 480 ಎಂಬಿ ಆಯಿತು. ಮೂರು ಮೈಕುಗಳ ಧ್ವನಿ ಬೇಕು ಅಂದರೆ ಅದರ ಮೂರರಷ್ಟು. ಇಂಥ ಮೂವತ್ತು ವಾದ್ಯ ತೆರೆದಿಟ್ಟರೆ 40 ಜಿಬಿ ದಾಟುತ್ತದೆ. ರ‍್ಯಾಮ್ ಎಲ್ಲಿಗೆ ಹೋಗುತ್ತದೆ ಅಂತ ಈಗ ಗೊತ್ತಾಯಿತಲ್ವಾ?

ಹಾಗಾಗಿ ಮೊದಲ ಹೆಜ್ಜೆ ಅಂಗಡಿಯಲ್ಲಿ ಅಲ್ಲ, ಈಗಿರುವ ಕಂಪ್ಯೂಟರಿನಲ್ಲಿ. ನಿಮ್ಮ ಅತಿ ದೊಡ್ಡ ಪ್ರಾಜೆಕ್ಟ್ ತೆರೆಯಿರಿ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್, ಮ್ಯಾಕ್‌ನಲ್ಲಿ ಆಕ್ಟಿವಿಟಿ ಮಾನಿಟರ್ ನೋಡಿ ಎಷ್ಟು ಮೆಮೊರಿ ಹೋಗುತ್ತಿದೆ ಅಂತ ಬರೆದಿಟ್ಟುಕೊಳ್ಳಿ. ಹೊಸದರಲ್ಲಿ ಅದರ ಎರಡರಷ್ಟು ಇರಲಿ. ಕಲಿಯುವವರಿಗೆ 32 ಜಿಬಿ ನಡೆಯುತ್ತದೆ. ಇದೇ ಹೊಟ್ಟೆಪಾಡು ಅನ್ನುವವರು 64ಕ್ಕಿಂತ ಕೆಳಗೆ ಇಳಿಯಬೇಡಿ. ಪಿಸಿ ಜೋಡಿಸುವವರು 16 ಜಿಬಿಯ ನಾಲ್ಕು ಮೆಮೊರಿ ಕಡ್ಡಿ ಹಾಕುವ ಬದಲು 32ರ ಎರಡು ಹಾಕಿಸಿ. ಡಿಡಿಆರ್5 ಬಗೆಯ ಮೆಮೊರಿ ಹಾಕುವ ಬೋರ್ಡುಗಳಲ್ಲಿ ನಾಲ್ಕೂ ತುಂಬಿದರೆ ವೇಗ ಸಾಮಾನ್ಯವಾಗಿ ಇಳಿಯುತ್ತದೆ. ಎರಡು ಜಾಗ ಖಾಲಿ ಇದ್ದರೆ ಮುಂದೆ ಇನ್ನಷ್ಟು ಸೇರಿಸಲೂ ದಾರಿ ಉಳಿಯುತ್ತದೆ. ಈಗಿನ ಮ್ಯಾಕ್‌ಗಳಲ್ಲಿ ಆ ದಾರಿಯೇ ಇಲ್ಲ. ಕೊಳ್ಳುವ ದಿನ ಎಷ್ಟು ಹಾಕಿಸಿದಿರೋ ಕೊನೆವರೆಗೂ ಅಷ್ಟೇ. ಮ್ಯಾಕ್ ಕೊಳ್ಳುವಾಗ ಪ್ರಾಸೆಸರ್ ಒಂದು ಮೆಟ್ಟಿಲು ಕೆಳಗಿದ್ದರೂ ಪರವಾಗಿಲ್ಲ, ಮೆಮೊರಿಯಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ.

ಇನ್ನು ಡಿಸ್ಕ್. ಇಲ್ಲಿ ಜನ ಸುಮ್ನೆ ದುಡ್ಡು ಸುರಿಯುತ್ತಾರೆ. ಒಟ್ಟಿಗೆ 500 ಸ್ವರ ನುಡಿದರೂ ಸೆಕೆಂಡಿಗೆ 144 ಎಂಬಿ ಸಾಕು. ತಿರುಗುವ ಭಾಗವಿಲ್ಲದ ಡಿಸ್ಕ್ ಎಸ್‌ಎಸ್‌ಡಿ; ಅದರ ಹಳೆಯ ಸಾಟಾ ಬಗೆಯೇ 500 ಎಂಬಿ ದಾಟುತ್ತದೆ. ಸೆಕೆಂಡಿಗೆ ಹತ್ತು ಸಾವಿರ ಎಂಬಿ ಓದುವ ಹೊಸ ಜೆನ್ 5 ಬಗೆಯ ಎಸ್‌ಎಸ್‌ಡಿ ಈ ಕೆಲಸಕ್ಕೆ ದಂಡ. ಆದರೆ ತಿರುಗುವ ಹಾರ್ಡ್ ಡಿಸ್ಕ್ ಬೇಡವೇ ಬೇಡ. ಅದರ ತೊಂದರೆ ವೇಗದ್ದಲ್ಲ. 500 ಸ್ವರಗಳು 500 ಕಡೆ ಇರುತ್ತವೆ, ಓದುವ ಮುಳ್ಳು ಒಂದೊಂದಕ್ಕೂ ಓಡಾಡಬೇಕು, ಪ್ರತಿ ಓಟಕ್ಕೂ ಕೆಲವು ಮಿಲಿಸೆಕೆಂಡ್ ಹಿಡಿಯುತ್ತದೆ. ಸಾಧಾರಣ ಎನ್‌ವಿಎಂಇ (ಸಾಟಾಗಿಂತ ವೇಗದ ಬಗೆ) ಎಸ್‌ಎಸ್‌ಡಿ, ಜಾಗ ಮಾತ್ರ ಜಾಸ್ತಿ, ಇದು ಸೂತ್ರ. ಸಿಸ್ಟಮ್‌ಗೆ ಒಂದು, ಲೈಬ್ರರಿಗೆ ಬೇರೆ 2 ಟಿಬಿ. ಮ್ಯಾಕ್ ಇದ್ದರೆ ಒಳಗಿನ ದುಬಾರಿ ಜಾಗಕ್ಕೆ ದುಡ್ಡು ಕೊಡುವ ಬದಲು ಹೊರಗೆ ಯುಎಸ್‌ಬಿ ಎಸ್‌ಎಸ್‌ಡಿ ಸಿಕ್ಕಿಸಿ, ಧಾರಾಳವಾಗಿ ಸಾಕಾಗುತ್ತದೆ.

ಎಸ್‌ಎಸ್‌ಡಿ ಇದ್ದರೆ ಇನ್ನೊಂದು ಲಾಭ. ಕಾಂಟ್ಯಾಕ್ಟ್ ಮೊದಲೇ ಇಟ್ಟುಕೊಳ್ಳುವ ಆ 60 ಕೆಬಿಯನ್ನು 12ಕ್ಕೆ ಇಳಿಸಿ ನೋಡಿ. ಸ್ವರ ಕಡಿಯದೆ ಬಂದರೆ ಸ್ಯಾಂಪಲ್ಲುಗಳಿಗೆ ಹೋಗುತ್ತಿದ್ದ ರ‍್ಯಾಮ್ ಐದನೇ ಒಂದಕ್ಕೆ ಇಳಿಯುತ್ತದೆ. ಕಾಸಿನ ಖರ್ಚಿಲ್ಲ.

ಪ್ರಾಸೆಸರ್ ಆರಿಸುವಾಗ ಕೋರ್‌ಗಳ (ಒಳಗೆ ಲೆಕ್ಕ ಮಾಡುವ ಘಟಕಗಳ) ಸಂಖ್ಯೆಗೆ ಮರುಳಾಗಬೇಡಿ. ಒಂದು ಟ್ರ್ಯಾಕಿನ ಮೇಲೆ ಸಾಲಾಗಿ ಕೂತ ಪ್ಲಗಿನ್‌ಗಳು (ದನಿ ಹೊರಡಿಸುವ, ತಿದ್ದುವ ಚಿಕ್ಕ ತಂತ್ರಾಂಶಗಳು) ಒಂದರ ಹಿಂದೆ ಒಂದು ಓಡಬೇಕು, ಆ ಕೆಲಸ ಸಾಮಾನ್ಯವಾಗಿ ಒಂದೇ ಕೋರಿನ ಪಾಲಿಗೆ ಬರುತ್ತದೆ. ಬಫರ್, ಅಂದರೆ ಒಂದು ಸಲಕ್ಕೆ ಲೆಕ್ಕ ಹಾಕುವ ಧ್ವನಿಯ ತುಣುಕಿನ ಅಳತೆ, 256 ಇಟ್ಟರೆ ಎಲ್ಲ ಲೆಕ್ಕ ಮುಗಿಸಲು ಸಿಗುವುದು 5.3 ಮಿಲಿಸೆಕೆಂಡ್ ಅಷ್ಟೇ. ಹಾಗಾಗಿ ಒಂದೊಂದು ಕೋರಿನ ವೇಗ ಮುಖ್ಯ. ಎಂಟು ಒಳ್ಳೆಯ ಕೋರ್ ಇದ್ದರೆ ಬಹಳ ಮಂದಿಗೆ ಸಾಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು: ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಅತಿ ವೋಲ್ಟೇಜ್‌ನಿಂದ ತೊಂದರೆ ಇರುವುದನ್ನು ಕಂಪನಿಯೇ 2024ರಲ್ಲಿ ಒಪ್ಪಿ ವಾರಂಟಿ ಎರಡು ವರ್ಷ ಹೆಚ್ಚಿಸಿತು. ಬಯಾಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಆಗಿದೆಯೇ, ಬಿಲ್ ಇದೆಯೇ ಅಂತ ಕೇಳಿಯೇ ಮುಂದುವರಿಯಿರಿ.

ಗ್ರಾಫಿಕ್ಸ್‌ಗೆ ಪ್ರಾಸೆಸರಿನ ಜೊತೆಗೇ ಬರುವುದು ಸಾಕು. ಉಳಿದ ದುಡ್ಡಿನಲ್ಲಿ ಸದ್ದು ಮಾಡದ ದೊಡ್ಡ ಕೂಲರ್ ತನ್ನಿ, ಅದೇ ಕೋಣೆಯಲ್ಲಿ ಕೊಳಲು ರೆಕಾರ್ಡ್ ಮಾಡುವ ದಿನ ಬರುತ್ತದೆ. ಯುಪಿಎಸ್ ಬೇಕೇ ಬೇಕು. ಕರೆಂಟ್ ಹೋದರೆ ಸೇವ್ ಮಾಡಲು ಐದು ನಿಮಿಷವಾದರೂ ಸಿಗಲಿ.

ವಿಂಡೋಸ್ ಯಂತ್ರವಾದರೆ, ತಂದ ದಿನವೇ ಧ್ವನಿಗೆ ಅಡ್ಡಿಯಾಗುವ ಡ್ರೈವರ್‌ಗಳನ್ನು ತೋರಿಸುವ ಲೇಟೆನ್ಸಿಮಾನ್ ಎಂಬ ತಂತ್ರಾಂಶ ಹಾಕಿ ಹತ್ತು ನಿಮಿಷ ಓಡಿಸಿ. ಪಟ್ಟಿ ಕೆಂಪಾದರೆ ವೈಫೈ ಆಫ್ ಮಾಡಿ ಮತ್ತೆ ನೋಡಿ, ತಂಟೆ ಬಹಳ ಸಲ ಆ ಡ್ರೈವರಿನದೇ. ಆಮೇಲೆ ನಿಮ್ಮ ದೊಡ್ಡ ಪ್ರಾಜೆಕ್ಟ್ ತೆರೆಯಿರಿ. ಪಟಪಟ ಸದ್ದು ಬಂದರೆ ಬಫರನ್ನು 1024ಕ್ಕೆ ಏರಿಸಿ. ಸದ್ದು ನಿಂತರೆ ಸಮಸ್ಯೆ ಪ್ರಾಸೆಸರಿನದು ಅಥವಾ ಡ್ರೈವರಿನದು. ಆಗಲೂ ಸ್ವರಗಳು ಮಧ್ಯೆ ಕಡಿಯುತ್ತಿದ್ದರೆ ಡಿಸ್ಕ್ ಮತ್ತು ರ‍್ಯಾಮ್ ಕಡೆ ನೋಡಿ. ಯಾವುದು ಅಂತ ಗೊತ್ತಾದ ಮೇಲೆ ಬಿಲ್ ಹಿಡಿದುಕೊಂಡು ಅಂಗಡಿಗೆ ಹೋಗಿ.