ಸಂಶೋಧನಾ ಲೇಖನದ ಮೊದಲ ಪುಟ: ಚುಟುಕು ಅಕ್ಷರಗಳನ್ನು ಓದುವುದು ಹೇಗೆ?

ಸಂಶೋಧನಾ ಲೇಖನ ತೆರೆದ ಕೂಡಲೇ ಡಿಒಐ, ಐಎಸ್‌ಎಸ್‌ಎನ್, ಐಎಫ್ ಅಂತ ಅಕ್ಷರಗಳು ಕಾಣಿಸುತ್ತವೆ. ಹೊಸಬರು ಜಾಸ್ತಿ ಇವನ್ನು ಹಾರಿಸಿಯೇ ಓದುತ್ತಾರೆ. ಹಾಗೆ ಮಾಡಬೇಡಿ. ಲೇಖನವನ್ನು ಎಷ್ಟು ನಂಬಬಹುದು ಎಂದು ಇಲ್ಲಿಂದಲೇ ಪರೀಕ್ಷಿಸಬಹುದು.

ಮೊದಲು ಡಿಒಐ. ಡಿಜಿಟಲ್ ಆಬ್ಜೆಕ್ಟ್ ಐಡೆಂಟಿಫೈಯರ್ ಎಂದರೆ ಆ ಲೇಖನದ ಕಾಯಂ ಗುರುತು. ಇದು ಯಾವಾಗಲೂ 10 ಮತ್ತು ಚುಕ್ಕಿಯಿಂದ ಶುರುವಾಗುತ್ತದೆ. ಡಿಒಐ ಡಾಟ್ ಆರ್ಗ್ ತಾಣದಲ್ಲಿ ಹಾಕಿ ನೋಡಿ. ಅದೇ ಲೇಖನ ತೆರೆಯಬೇಕು. ತೆರೆಯದಿದ್ದರೆ ಅಥವಾ ಬೇರೇನೋ ಬಂದರೆ ಎಚ್ಚರ.

ಮುಂದಿನದು ಐಎಸ್‌ಎಸ್‌ಎನ್, ಅಂದರೆ ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ಸೀರಿಯಲ್ ನಂಬರ್. ಇದು ಲೇಖನದ್ದಲ್ಲ, ಪತ್ರಿಕೆಯದು. ಎಂಟು ಸ್ಥಾನಗಳಲ್ಲಿ ಕೊನೆಯದು ತಾಳೆ ನೋಡುವ ಅಂಕಿ. 'ನೇಚರ್' ಪತ್ರಿಕೆಯ 0028-0836 ತೆಗೆದುಕೊಳ್ಳಿ. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿಸಿದರೆ 82. ಅದನ್ನು 11ರಿಂದ ಭಾಗಿಸಿದರೆ ಶೇಷ 5. 11ರಲ್ಲಿ 5 ಕಳೆದರೆ 6. ಕೊನೆಯ ಅಂಕಿಯೂ ಅದೇ! ಉತ್ತರ 10 ಬಂದರೆ ಎಕ್ಸ್ ಬರೆಯುತ್ತಾರೆ. ಶೇಷ ಸೊನ್ನೆಯಾದರೆ ಸೊನ್ನೆಯನ್ನೇ. ಸಂಖ್ಯೆ ಸರಿ ಇದ್ದರೂ ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಪತ್ರಿಕೆಯ ಹೆಸರು ಹೊಂದುತ್ತದೆಯೇ ನೋಡಿ. ಒಂದು ಮಾತು ಗಟ್ಟಿಯಾಗಿ ನೆನಪಿರಲಿ: ಐಎಸ್‌ಎಸ್‌ಎನ್ ಗುಣಮಟ್ಟದ ಮುದ್ರೆಯಲ್ಲ. ಅದನ್ನು ಗುಣಮಟ್ಟದ ಮುದ್ರೆ ಎಂಬಂತೆ ತೋರಿಸಿ ಬರಹಗಾರರನ್ನು ಸೆಳೆಯುವುದು ಅನ್ಯಾಯ.

ಐಎಫ್ ಎಂದರೆ ಇಂಪ್ಯಾಕ್ಟ್ ಫ್ಯಾಕ್ಟರ್. ಪತ್ರಿಕೆಯಲ್ಲಿ 2021 ಮತ್ತು 2022ರಲ್ಲಿ ಒಟ್ಟು 100 ಲೇಖನ ಬಂದು, 2023ರಲ್ಲಿ ಅವುಗಳ ಉಲ್ಲೇಖ 300 ಸಲ ಆಗಿದ್ದರೆ ಆ ವರ್ಷದ ಐಎಫ್ 3. ಇದು ಪತ್ರಿಕೆಯ ಸರಾಸರಿ ಅಷ್ಟೇ. ಒಂದೊಂದು ಲೇಖನವನ್ನು ಇದರಿಂದ ಅಳೆಯುವುದು ತಪ್ಪು. ಐಎಫ್ ಲೆಕ್ಕ ಹಾಕಿ ಪ್ರಕಟಿಸುವ ಕ್ಲಾರಿವೇಟ್ ಸಂಸ್ಥೆಯ ಜೆಸಿಆರ್, ಅಂದರೆ ಜರ್ನಲ್ ಸೈಟೇಶನ್ ರಿಪೋರ್ಟ್ಸ್‌ನಲ್ಲಿ ಇಲ್ಲದ ಅಂಕಿಯನ್ನು ಐಎಫ್ ಎಂದು ಹೇಳಿಕೊಂಡಿದ್ದರೆ ನಂಬಬೇಡಿ.

ಒಎ ಎಂದರೆ ಓಪನ್ ಆಕ್ಸೆಸ್, ಓದುಗರಿಗೆ ಉಚಿತ. ಎಪಿಸಿ ಎಂದರೆ ಆರ್ಟಿಕಲ್ ಪ್ರೊಸೆಸಿಂಗ್ ಚಾರ್ಜ್. ಪ್ರಕಟಿಸಲು ಲೇಖಕರ ಕಡೆಯಿಂದ ಪಡೆಯುವ ಶುಲ್ಕ. ಎಲ್ಲ ಒಎ ಪತ್ರಿಕೆಗಳೂ ಇದನ್ನು ಕೇಳುವುದಿಲ್ಲ. ಲೇಖನ ಕಳಿಸುವ ಮುನ್ನವೇ ವಿಚಾರಿಸಿ.

ಒಳಪುಟಗಳಲ್ಲಿ 'ಎಟ್ ಆಲ್' ಕಂಡರೆ 'ಮತ್ತು ಇತರರು'. 'ಇಬಿಡ್' ಎಂದರೆ ಹಿಂದಿನ ಟಿಪ್ಪಣಿಯಲ್ಲಿ ಹೇಳಿದ ಮೂಲವೇ.

ಇನ್ನು ಆರ್ಕಿಡ್ (ORCID), ಅಂದರೆ ಓಪನ್ ರಿಸರ್ಚರ್ ಆ್ಯಂಡ್ ಕಾಂಟ್ರಿಬ್ಯೂಟರ್ ಐಡಿ. ಇದು ಸಂಶೋಧಕರಿಗೆ ಸಿಗುವ 16 ಸ್ಥಾನಗಳ ಗುರುತು. 2012ರಿಂದ ಇದೆ. ಒಂದೇ ಹೆಸರಿನವರು ಹಲವರಿದ್ದಾಗ ಯಾರ ಲೇಖನ ಯಾರದ್ದು ಎಂದು ತಿಳಿಯಲು ಬೇಕೇ ಬೇಕು, ಅಲ್ವಾ? ನೋಂದಣಿ ಉಚಿತ. ಮೊದಲ ಲೇಖನ ಕಳಿಸುವ ಮುನ್ನವೇ ಮಾಡಿಸಿಕೊಳ್ಳಿ.